ಹೆರಿಗೆಯಲ್ಲಿ ಹೊಲಿಗೆ ತಪ್ಪಿಸಲು ತುಪ್ಪ, ಹರಳೆಣ್ಣೆ ಸಾಕೇ? ನಿಜವಾಗಿ ಸಹಾಯ ಮಾಡುವುದು ಯಾವುದು?

ಚುಟುಕಾಗಿ

ತುಪ್ಪ, ಹರಳೆಣ್ಣೆ, ಖರ್ಜೂರ ತಿಂದರೆ ಹೆರಿಗೆಯಲ್ಲಿ ಹರಿಯುವುದಿಲ್ಲ ಎನ್ನಲು ಪುರಾವೆ ಇಲ್ಲ. ಹರಳೆಣ್ಣೆ ಕುಡಿಯುವುದರಿಂದ ತೊಂದರೆಯೂ ಆಗಬಹುದು. ಪುರಾವೆ ಇರುವ ಸರಳ ಉಪಾಯಗಳು ಬೇರೆಯೇ ಇವೆ: ಎಂಟನೇ ತಿಂಗಳು ದಾಟಿದ ಮೇಲೆ ಮಾಡಿಕೊಳ್ಳುವ ಮಸಾಜ್, ಮಗುವಿನ ತಲೆ ಬರುವಾಗ ಇಡುವ ಬೆಚ್ಚಗಿನ ಬಟ್ಟೆ, ಅವಸರವಿಲ್ಲದ ಹೆರಿಗೆ ಮತ್ತು ಅಗತ್ಯವಿಲ್ಲದೆ ಕತ್ತರಿ ಹಾಕದಿರುವುದು. ಇವುಗಳಲ್ಲಿ ಹೆಚ್ಚಿನವು ಅಡುಗೆಮನೆಯಲ್ಲಿ ನಡೆಯುವಂಥವಲ್ಲ, ಲೇಬರ್ ರೂಮ್‌ನಲ್ಲಿ ನಡೆಯುವಂಥವು. ಆದ್ದರಿಂದ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು.

ಫಾರ್ವರ್ಡ್‌ನಲ್ಲಿ ಏನಿರುತ್ತದೆ?

ಮನೆಯಲ್ಲಿ ಸೀಮಂತದ ದಿನ ಗೊತ್ತಾಗುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶಗಳು ಶುರುವಾಗುತ್ತವೆ. ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳಿರಲಿ, ಕೆಂಗೇರಿ ಕಡೆಯ ಹೊಸ ಅಪಾರ್ಟ್‌ಮೆಂಟ್‌ಗಳಿರಲಿ, ಸಂದೇಶ ಮಾತ್ರ ಒಂದೇ ಥರ. ಒಂಬತ್ತನೇ ತಿಂಗಳಲ್ಲಿ ದಿನಾ ಬಿಸಿ ಹಾಲಿಗೆ ತುಪ್ಪ ಹಾಕಿ ಕುಡಿದರೆ ಮಗು ಜಾರಿಕೊಂಡು ಬರುತ್ತದೆ. ಹರಳೆಣ್ಣೆ ಕುಡಿದರೆ ನೋವು ಬೇಗ ಬಂದು ಹೆರಿಗೆ ಸಲೀಸಾಗುತ್ತದೆ. ಬಗ್ಗಿ ನೆಲ ಒರೆಸಿದರೆ ಒಂದು ಹೊಲಿಗೆಯೂ ಬೀಳುವುದಿಲ್ಲ. ಕೊನೆಯಲ್ಲಿ, ನಿಮಗೆ ಗೊತ್ತಿರುವ ಎಲ್ಲ ಗರ್ಭಿಣಿಯರಿಗೂ ಕಳಿಸಿ ಎಂಬ ಕೋರಿಕೆ.

ಕಳಿಸುವವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ. ಆದರೆ ಇಂಥ ಸಂದೇಶಗಳಿಂದ ಎರಡು ತೊಂದರೆಗಳಿವೆ. ಒಂದು, ಕೆಲವು ಸಲಹೆಗಳು ಅಪಾಯಕಾರಿ. ಇನ್ನೊಂದು, ಹೊಲಿಗೆ ಬಿದ್ದರೆ ಅದು ಹೆಂಗಸಿನ ತಪ್ಪು ಎಂಬ ಭಾವನೆ ಬರುತ್ತದೆ. ‘ಹೇಳಿದ್ದನ್ನು ತಿನ್ನಲಿಲ್ಲ, ಕೆಲಸ ಮಾಡಲಿಲ್ಲ, ಅದಕ್ಕೇ ಹೀಗಾಯ್ತು’ ಎಂಬ ಮಾತನ್ನು ಎಷ್ಟೋ ಬಾಣಂತಿಯರು ಕೇಳಿಸಿಕೊಳ್ಳುತ್ತಾರೆ. ಇದು ಸತ್ಯವಲ್ಲ.

ಹರಿಯುವುದು ಎಂದರೆ ಏನು?

ಯೋನಿ ಮತ್ತು ಮಲದ್ವಾರದ ನಡುವೆ ಚರ್ಮ ಮತ್ತು ಸ್ನಾಯುಗಳಿರುವ ಒಂದು ಸಣ್ಣ ಜಾಗವಿದೆ. ವೈದ್ಯರು ಇದನ್ನು ಪೆರಿನಿಯಮ್ ಎನ್ನುತ್ತಾರೆ. ಮಗುವಿನ ತಲೆ ಹೊರಗೆ ಬರುವಾಗ ಈ ಜಾಗ ತುಂಬಾ ಹಿಗ್ಗಬೇಕಾಗುತ್ತದೆ. ಅದು ಹಿಗ್ಗುವ ವೇಗಕ್ಕಿಂತ ತಲೆ ಬರುವ ವೇಗ ಹೆಚ್ಚಾದರೆ, ಇಲ್ಲವೇ ತಲೆಯ ಗಾತ್ರ ಮತ್ತು ಬರುವ ಕೋನ ಹೊಂದದಿದ್ದರೆ, ಅಲ್ಲಿ ಹರಿಯುತ್ತದೆ.

ಹರಿಯುವುದರಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಚರ್ಮ ಮಾತ್ರ ಹರಿಯುತ್ತದೆ. ಎಷ್ಟೋ ಸಲ ಇದಕ್ಕೆ ಹೊಲಿಗೆಯೂ ಬೇಕಾಗುವುದಿಲ್ಲ. ಎರಡನೇ ಹಂತದಲ್ಲಿ ಚರ್ಮದ ಕೆಳಗಿನ ಸ್ನಾಯುವೂ ಹರಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುತ್ತಾರೆ. ಮೂರನೇ ಹಂತದಲ್ಲಿ ಮಲದ್ವಾರವನ್ನು ಬಿಗಿಹಿಡಿಯುವ ಉಂಗುರದಂಥ ಸ್ನಾಯುವಿಗೆ ಪೆಟ್ಟಾಗುತ್ತದೆ. ನಾಲ್ಕನೇ ಹಂತದಲ್ಲಿ ಅದನ್ನೂ ದಾಟಿ ಕರುಳಿನ ಒಳಪದರದವರೆಗೆ ಹೋಗುತ್ತದೆ. ಚಿಂತೆ ಮಾಡಬೇಕಾದವು ಕೊನೆಯ ಎರಡು. ಅವನ್ನು ಆಪರೇಷನ್ ಥಿಯೇಟರ್‌ನಲ್ಲಿ, ಅನುಭವ ಇರುವ ವೈದ್ಯರು ಸರಿಪಡಿಸಬೇಕು.

ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಹೇಳುವ ಪ್ರಕಾರ, ಮೊದಲ ಸಲ ಸಹಜ ಹೆರಿಗೆಯಾಗುವ 10 ಮಂದಿಯಲ್ಲಿ 9 ಮಂದಿಗೆ ಒಂದಲ್ಲ ಒಂದು ಬಗೆಯ ಗೀರು, ಸೀಳು ಅಥವಾ ಕತ್ತರಿಸಿದ ಗಾಯ ಇರುತ್ತದೆ. ತೀವ್ರವಾದ ಮೂರನೇ, ನಾಲ್ಕನೇ ಹಂತದ ಸೀಳು ಮೊದಲ ಹೆರಿಗೆಯಲ್ಲಿ 100ರಲ್ಲಿ ಸುಮಾರು 6 ಮಂದಿಗೆ, ಹಿಂದೆ ಸಹಜ ಹೆರಿಗೆ ಆಗಿದ್ದವರಲ್ಲಿ 100ಕ್ಕೆ ಸುಮಾರು 2 ಮಂದಿಗೆ ಆಗುತ್ತದೆ. ಅಂದರೆ ಸಣ್ಣ ಗಾಯ ಬಹಳ ಸಾಮಾನ್ಯ, ದೊಡ್ಡ ಗಾಯ ಅಪರೂಪ. ‘ಒಂದೂ ಹೊಲಿಗೆ ಬೀಳದ ಹೆರಿಗೆ’ ಎಂಬ ಭರವಸೆಯನ್ನು ಯಾರೂ ಕೊಡಲಾರರು. ನಮ್ಮ ಗುರಿ ಇರಬೇಕಾದದ್ದು ದೊಡ್ಡ ಗಾಯ ಆಗದಂತೆ ನೋಡಿಕೊಳ್ಳುವುದು ಮತ್ತು ಬೇಡದ ಗಾಯ ತಪ್ಪಿಸುವುದು.

ಯಾರಿಗೆ ಹೆಚ್ಚು ಸಾಧ್ಯತೆ? ಮೊದಲ ಹೆರಿಗೆ, 4 ಕಿಲೋಗಿಂತ ಹೆಚ್ಚು ತೂಕದ ಮಗು, ಮಗುವಿನ ಮುಖ ತಾಯಿಯ ಹೊಟ್ಟೆಯ ಕಡೆಗೆ ತಿರುಗಿರುವುದು, ಮಗುವಿನ ಭುಜ ಸಿಕ್ಕಿಕೊಳ್ಳುವುದು, ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಬಳಸಿ ಮಗುವನ್ನು ಹೊರತೆಗೆಯುವುದು, ಕೊನೆಯ ಹಂತ ಬಹಳ ಹೊತ್ತು ಎಳೆಯುವುದು. ಈ ಪಟ್ಟಿಯಲ್ಲಿ ‘ತುಪ್ಪ ಕುಡಿಯದಿರುವುದು’ ಇಲ್ಲ.

ಎಲ್ಲ ಹೊಲಿಗೆಯೂ ಹರಿದದ್ದಕ್ಕೇ ಹಾಕಿದ್ದಲ್ಲ

ಫಾರ್ವರ್ಡ್‌ಗಳಲ್ಲಿ ಬರದ ಒಂದು ಮುಖ್ಯ ವಿಷಯ ಇದು. ಹೊಲಿಗೆಗೆ ಕಾರಣ ಎರಡು. ಒಂದು, ತಾನಾಗಿ ಹರಿದದ್ದು. ಇನ್ನೊಂದು, ಮಗು ಬರುವ ದಾರಿ ಅಗಲ ಮಾಡಲು ಡಾಕ್ಟರ್ ಅಥವಾ ನರ್ಸ್ ಕತ್ತರಿಯಿಂದ ಕತ್ತರಿಸಿದ್ದು. ಎರಡನೆಯದಕ್ಕೆ ಎಪಿಸಿಯೊಟಮಿ ಎಂದು ಹೆಸರು. ನಮ್ಮ ಕಡೆ ‘ಕಟ್ ಕೊಟ್ಟರು’ ಎನ್ನುತ್ತಾರೆ.

1742ರಲ್ಲಿ ಐರ್ಲೆಂಡಿನ ವೈದ್ಯ ಫೀಲ್ಡಿಂಗ್ ಔಲ್ಡ್ ಕಷ್ಟದ ಹೆರಿಗೆಗೆಂದು ಇದನ್ನು ವಿವರಿಸಿದ್ದ. 1920ರಲ್ಲಿ ಅಮೆರಿಕದ ಜೋಸೆಫ್ ಡಿಲೀ ಇದನ್ನು ಮುಂಜಾಗ್ರತೆಯಾಗಿಯೇ ಮಾಡಬೇಕು ಎಂದು ವಾದಿಸಿದ. ಅಡ್ಡಾದಿಡ್ಡಿ ಹರಿಯುವುದಕ್ಕಿಂತ ನೇರವಾಗಿ ಕತ್ತರಿಸಿದರೆ ಹೊಲಿಯಲು ಸುಲಭ, ಬೇಗ ಮಾಯುತ್ತದೆ ಎಂಬ ತರ್ಕ. ಕೇಳಲು ಸರಿ ಎನಿಸುತ್ತದೆ. ಹಾಗಾಗಿ ಆಸ್ಪತ್ರೆ ಹೆರಿಗೆ ಹಬ್ಬಿದಂತೆ ಈ ಪದ್ಧತಿಯೂ ಹಬ್ಬಿತು.

ದಶಕಗಳ ನಂತರ ಇದನ್ನು ಪರೀಕ್ಷೆ ಮಾಡಿದಾಗ ತರ್ಕ ನಿಲ್ಲಲಿಲ್ಲ. 1993ರಲ್ಲಿ ಪ್ರಕಟವಾದ ಅರ್ಜೆಂಟೀನಾದ ಅಧ್ಯಯನದಲ್ಲಿ 2,606 ತಾಯಂದಿರಿದ್ದರು. ಒಂದು ಗುಂಪಿನಲ್ಲಿ ಶೇ 83 ಮಂದಿಗೆ ಕತ್ತರಿ ಹಾಕಲಾಯಿತು, ಇನ್ನೊಂದರಲ್ಲಿ ಅಗತ್ಯ ಕಂಡ ಶೇ 30 ಮಂದಿಗೆ ಮಾತ್ರ. ಕಡಿಮೆ ಕತ್ತರಿಸಿದ ಗುಂಪಿನಲ್ಲಿ ತೀವ್ರ ಸೀಳು ಹೆಚ್ಚಾಗಲಿಲ್ಲ. ಆಮೇಲೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಟ್ಟುಗೂಡಿಸಿ ನೋಡಿತು. 2017ರ ಆ ವರದಿಯ ಪ್ರಕಾರ, ಅಗತ್ಯವಿದ್ದಾಗ ಮಾತ್ರ ಕತ್ತರಿಸುವ ಪದ್ಧತಿಯಲ್ಲಿ ತೀವ್ರ ಗಾಯಗಳು ಸುಮಾರು ಶೇ 30ರಷ್ಟು ಕಡಿಮೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಲ್ಲರಿಗೂ ವಾಡಿಕೆಯಾಗಿ ಎಪಿಸಿಯೊಟಮಿ ಮಾಡುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿತು.

‘ನಮ್ಮ ಕಡೆ ಹೆಂಗಸರಿಗೆ ಜಾಗ ಬಿಗಿ, ಕತ್ತರಿಸದಿದ್ದರೆ ಆಗುವುದಿಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ನೆಲೆಸಿದ ಏಷ್ಯಾ ಮೂಲದ ತಾಯಂದಿರಲ್ಲಿ ತೀವ್ರ ಸೀಳು ಹೆಚ್ಚು ಕಂಡಿರುವುದು ನಿಜ. ಆದರೆ ಏಷ್ಯಾದಲ್ಲೇ ಇರುವ ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಆ ಹೆಚ್ಚಳ ಕಾಣಲಿಲ್ಲ. ಹಾಗಾಗಿ ಹುಟ್ಟಿದ ಜಾಗ ಒಂದೇ ಕಾರಣವಾಗಿ ಎಲ್ಲರಿಗೂ ಕತ್ತರಿ ಹಾಕುವುದಕ್ಕೆ ಆಧಾರವಿಲ್ಲ.

ಹಾಗೆಂದು ಕತ್ತರಿ ಯಾವತ್ತೂ ಬೇಡ ಎಂದಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿದ್ದರೆ, ಫೋರ್ಸೆಪ್ಸ್ ಬಳಸಲೇಬೇಕಾದರೆ, ದೊಡ್ಡ ಸೀಳು ಆಗುವುದು ಕಣ್ಣಿಗೆ ಕಾಣುತ್ತಿದ್ದರೆ, ಓರೆಯಾಗಿ ಸರಿಯಾದ ಕೋನದಲ್ಲಿ ಹಾಕಿದ ಒಂದು ಕಟ್ ಮಗುವನ್ನೂ ತಾಯಿಯನ್ನೂ ಕಾಪಾಡುತ್ತದೆ. ಆ ಹೊತ್ತಿನಲ್ಲಿ ಡಾಕ್ಟರ ಮಾತು ಕೇಳಬೇಕು.

ಮನೆಮದ್ದುಗಳನ್ನು ಒಂದೊಂದಾಗಿ ನೋಡೋಣ

ತುಪ್ಪ: ನಾವು ತಿಂದದ್ದು ಹೋಗುವುದು ಜಠರಕ್ಕೆ, ಕರುಳಿಗೆ. ಹೆರಿಗೆಯ ದಾರಿ ಬೇರೆ. ತುಪ್ಪ ಕರುಳಿನಲ್ಲಿ ಜೀರ್ಣವಾಗಿ ಶಕ್ತಿಯಾಗುತ್ತದೆ, ಹೆಚ್ಚಾದದ್ದು ಕೊಬ್ಬಾಗಿ ಕೂರುತ್ತದೆ. ಯೋನಿಗೆ ಬಂದು ಜಾರುವಂತೆ ಮಾಡುವ ದಾರಿಯೇ ಇಲ್ಲ. ಊಟಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ದೊಡ್ಡ ಚಮಚ ತುಪ್ಪದಲ್ಲಿ 100 ಕ್ಯಾಲೊರಿಗಿಂತ ಹೆಚ್ಚಿರುತ್ತದೆ. ದಿನಾ ಲೋಟಗಟ್ಟಲೆ ಹಾಲಿಗೆ ಸುರಿದು ಕುಡಿದರೆ ತೂಕ ಏರುತ್ತದೆ ಅಷ್ಟೆ.

ಹರಳೆಣ್ಣೆ: ಇದು ಕೆಲಸ ಮಾಡುತ್ತದೆ, ಆದರೆ ನೀವು ಅಂದುಕೊಂಡ ಹಾಗಲ್ಲ. ಇದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳನ್ನು ಹಿಂಡಿ ಭೇದಿ ಮಾಡಿಸುತ್ತದೆ, ಗರ್ಭಕೋಶವನ್ನೂ ಸಂಕುಚಿಸುವಂತೆ ಮಾಡಬಲ್ಲದು. ವಾಂತಿ, ಭೇದಿ, ಸುಸ್ತಿನಿಂದ ನೀರಿನಂಶ ಕಡಿಮೆಯಾಗಿ ಹೆರಿಗೆಗೆ ಬೇಕಾದ ತ್ರಾಣವೇ ಹೋಗಬಹುದು. ಹಿಂದೆ ಸಿಸೇರಿಯನ್ ಆಗಿರುವವರಿಗೆ ಬಲವಂತದ ಸಂಕೋಚನ ಇನ್ನೂ ಅಪಾಯ. ಹರಿಯುವುದನ್ನು ಇದು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಮನೆಯಲ್ಲಿ ಕುಡಿಯಬೇಡಿ.

ಖರ್ಜೂರ: 2011ರಲ್ಲಿ ಪ್ರಕಟವಾದ, ಜೋರ್ಡಾನ್‌ನಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಕೊನೆಯ 4 ವಾರ ದಿನಕ್ಕೆ 6 ಖರ್ಜೂರ ತಿಂದವರಿಗೆ ನೋವು ಬರಿಸುವ ಔಷಧಿ ಕಡಿಮೆ ಬೇಕಾಯಿತು ಎಂದು ಕಂಡಿತು. ಅದು ನೋವು ಶುರುವಾಗುವ ವಿಷಯ, ಹರಿಯುವ ವಿಷಯವಲ್ಲ. ಶುಗರ್ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬಾರದು.

ನೆಲ ಒರೆಸುವುದು, ಕುಕ್ಕರಗಾಲಲ್ಲಿ ಕೂರುವುದು: ದೇಹಕ್ಕೆ ಚಟುವಟಿಕೆ ಒಳ್ಳೆಯದು. ಆದರೆ ತುಂಬು ಗರ್ಭಿಣಿಯಿಂದ ಮನೆಗೆಲಸ ಮಾಡಿಸುವುದಕ್ಕೆ ವಿಜ್ಞಾನದ ಮುದ್ರೆ ಒತ್ತುವುದು ಸರಿಯಲ್ಲ. ಸಂಜೆ ಅರ್ಧ ಗಂಟೆ ಪಾರ್ಕಿನಲ್ಲಿ ನಡೆದರೂ ಅದೇ ಲಾಭ. ನೆಲ ಒರೆಸಿದವರಿಗೆ ಹೊಲಿಗೆ ಬೀಳುವುದಿಲ್ಲ ಎಂದು ತೋರಿಸಿದ ಅಧ್ಯಯನವಿಲ್ಲ.

ಕೆಳಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ಕೆಗೆಲ್ ವ್ಯಾಯಾಮ: ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದನ್ನು ಇದು ಕಡಿಮೆ ಮಾಡುತ್ತದೆ. ಅದಕ್ಕಾಗಿಯೇ ಮಾಡಬಹುದು. ‘ಜಾಗ ಬಿಗಿಯಾಗಿ ಇನ್ನೂ ಹೆಚ್ಚು ಹರಿಯುತ್ತದೆ’ ಎಂಬ ಭಯ ಬೇಡ.

ಮನೆಯಲ್ಲೇ ಮಾಡಬಹುದಾದ, ಪುರಾವೆ ಇರುವ ಎರಡು ಕೆಲಸಗಳು

ಮೊದಲನೆಯದು ಪೆರಿನಿಯಲ್ ಮಸಾಜ್. ಕೆನಡಾ, ಬ್ರಿಟನ್, ಜಪಾನ್‌ಗಳಲ್ಲಿ ನಡೆದ 4 ಅಧ್ಯಯನಗಳಲ್ಲಿ ಒಟ್ಟು 2,497 ಗರ್ಭಿಣಿಯರನ್ನು ಗಮನಿಸಲಾಗಿದೆ. ಸಹಜ ಹೆರಿಗೆ ಹಿಂದೆ ಆಗಿರದ ತಾಯಂದಿರಲ್ಲಿ, ಸುಮಾರು 35ನೇ ವಾರದಿಂದ ಮಸಾಜ್ ಮಾಡಿಕೊಂಡವರಿಗೆ ಹೊಲಿಗೆ ಮತ್ತು ಎಪಿಸಿಯೊಟಮಿ ಸ್ವಲ್ಪ ಕಡಿಮೆ ಬೇಕಾಯಿತು. ಲೆಕ್ಕದಲ್ಲಿ ಹೇಳುವುದಾದರೆ, 15 ಮಂದಿ ಮಸಾಜ್ ಮಾಡಿಕೊಂಡರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ. ಇದು ಪವಾಡವಲ್ಲ. ಆದರೆ ಖರ್ಚಿಲ್ಲದ, ನಿಜವಾದ ಲಾಭ. ಹಿಂದೆ ಸಹಜ ಹೆರಿಗೆ ಆಗಿದ್ದವರಲ್ಲಿ ಹೊಲಿಗೆ ಕಡಿಮೆಯಾಗಲಿಲ್ಲ, ಆದರೆ ಮೂರು ತಿಂಗಳ ನಂತರ ಉಳಿಯುವ ನೋವು ಕಡಿಮೆಯಿತ್ತು.

ಮಾಡುವ ಕ್ರಮ ಹೀಗಿದೆ:

1. ಮೊದಲು ಡಾಕ್ಟರನ್ನು ಕೇಳಿ. ಮಾಸು ಕೆಳಗಿದ್ದರೆ, ರಕ್ತ ಹೋಗುತ್ತಿದ್ದರೆ, ನೀರು ಹೋಗಿದ್ದರೆ, ಯೋನಿಯಲ್ಲಿ ಸೋಂಕು ಇದ್ದರೆ, ಅವಧಿಗೆ ಮೊದಲೇ ಹೆರಿಗೆಯಾಗುವ ಸಾಧ್ಯತೆ ಹೇಳಿದ್ದರೆ ಮಾಡಬಾರದು.

2. ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆಯಿರಿ. ಸ್ನಾನವಾದ ಮೇಲೆ ಮೈ ಸಡಿಲವಾಗಿರುವಾಗ ಮಾಡುವುದು ಸುಲಭ.

3. ದಿಂಬಿಗೆ ಒರಗಿ ಅರೆ ಕೂತು, ಮೊಣಕಾಲು ಮಡಚಿ. ವಾಸನೆ, ಬಣ್ಣ ಬೆರೆಸದ ಶುದ್ಧ ಅಡುಗೆ ಎಣ್ಣೆ ಅಥವಾ ಔಷಧಿ ಅಂಗಡಿಯಲ್ಲಿ ಸಿಗುವ ನೀರಿನಂಶದ ಜೆಲ್ ಸಾಕು. ಕರ್ಪೂರ, ಮಸಾಲೆ ಬೆರೆತ ಬಾಣಂತಿ ತೈಲ, ಬಾಮ್, ಸುಗಂಧದ ಎಣ್ಣೆ ಅಲ್ಲಿಗೆ ಬೇಡ, ಉರಿಯುತ್ತದೆ.

4. ಹೆಬ್ಬೆರಳನ್ನು ಸುಮಾರು 2.5 ಸೆಂಟಿಮೀಟರ್ ಒಳಗಿಟ್ಟು, ಕೆಳಕ್ಕೆ ಮಲದ್ವಾರದ ಕಡೆಗೆ ಮತ್ತು ಎರಡೂ ಪಕ್ಕಕ್ಕೆ ಮೆಲ್ಲಗೆ ಒತ್ತಿ. ಎಳೆದಂತೆ, ಸ್ವಲ್ಪ ಚುಮುಚುಮು ಎನ್ನುವಂತೆ ಆದಾಗ ಸುಮಾರು ಒಂದು ನಿಮಿಷ ಹಾಗೇ ಹಿಡಿಯಿರಿ. ನಂತರ ಅರ್ಧ ಚಂದ್ರಾಕಾರದಲ್ಲಿ ಎರಡು ಮೂರು ನಿಮಿಷ ತೀಡಿ. ನೋಯಬಾರದು. ನೋವಾದರೆ ನಿಲ್ಲಿಸಿ.

5. ಒಟ್ಟು 5 ನಿಮಿಷ, ವಾರಕ್ಕೆ ಒಂದೆರಡು ಸಲ ಸಾಕು. ಹೆಚ್ಚು ಸಲ ಮಾಡಿದರೆ ಹೆಚ್ಚು ಲಾಭ ಎಂದು ಕಂಡುಬಂದಿಲ್ಲ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ, ಒಪ್ಪಿಗೆ ಇದ್ದಲ್ಲಿ ಗಂಡ ಸಹಾಯ ಮಾಡಬಹುದು. ಮುಜುಗರ ಎನಿಸಿದರೆ ಮಾಡಲೇಬೇಕೆಂದಿಲ್ಲ.

ಎರಡನೆಯದು ಸಕ್ಕರೆಯ ಮೇಲೆ ಕಣ್ಣಿಡುವುದು. ಬಸುರಿಯಲ್ಲಿ ಬರುವ ಶುಗರ್ ಹಿಡಿತದಲ್ಲಿಲ್ಲದಿದ್ದರೆ ಮಗು ದೊಡ್ಡದಾಗಿ ಬೆಳೆಯುತ್ತದೆ. ದೊಡ್ಡ ಮಗು ಎಂದರೆ ಭುಜ ಸಿಕ್ಕಿಕೊಳ್ಳುವ, ಹೆಚ್ಚು ಹರಿಯುವ ಸಾಧ್ಯತೆ. ನಮ್ಮ ದೇಶದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ಪರೀಕ್ಷೆ ಮಾಡಬೇಕು. 140 ಅಥವಾ ಹೆಚ್ಚು ಬಂದರೆ ಗಮನ ಬೇಕು. ‘ಇಬ್ಬರ ಊಟ ಮಾಡು’ ಎಂದು ಸಿಹಿ, ತುಪ್ಪ ಬಡಿಸುವ ಬದಲು ಈ ಪರೀಕ್ಷೆ ಆಯಿತೇ ಎಂದು ತಾಯಿ ಕಾರ್ಡ್ ತೆಗೆದು ನೋಡುವುದು ದೊಡ್ಡ ಉಪಕಾರ.

ಲೇಬರ್ ರೂಮ್‌ನಲ್ಲಿ ಏನು ನಡೆದರೆ ಒಳ್ಳೆಯದು?

ಬೆಚ್ಚಗಿನ ಬಟ್ಟೆ: ಮಗುವಿನ ತಲೆ ಕೆಳಗಿಳಿದು, ತಾಯಿ ಮುಕ್ಕುವಾಗ, ಅಂದರೆ ಪುಷ್ ಮಾಡುವಾಗ, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಶುಚಿಯಾದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿಯುತ್ತಾರೆ. ಅಧ್ಯಯನಗಳಲ್ಲಿ ಇದರಿಂದ ಮೂರನೇ, ನಾಲ್ಕನೇ ಹಂತದ ಸೀಳು ಸುಮಾರು ಅರ್ಧದಷ್ಟು ಕಡಿಮೆಯಾಗಿದೆ. ಒಂದು ಬಟ್ಟೆ, ಸ್ವಲ್ಪ ಬಿಸಿನೀರು, ಹಿಡಿಯಲು ಒಂದು ಕೈ. ಇಷ್ಟು ಅಗ್ಗದ, ಇಷ್ಟು ಪುರಾವೆ ಇರುವ ಉಪಾಯ ಒಂದು ಫಾರ್ವರ್ಡ್‌ನಲ್ಲೂ ಕಾಣುವುದಿಲ್ಲ ಎನ್ನುವುದೇ ಆಶ್ಚರ್ಯ. ಇದನ್ನು ಮಾಡಬೇಕಾದವರು ಆಸ್ಪತ್ರೆಯ ಸಿಬ್ಬಂದಿ, ಮನೆಯವರಲ್ಲ.

ಕೈಯ ಆಸರೆ: ತಲೆ ಹೊರಬರುವ ಕ್ಷಣದಲ್ಲಿ ಒಂದು ಕೈಯಿಂದ ತಲೆಯ ವೇಗ ತಡೆದು, ಇನ್ನೊಂದು ಕೈಯಿಂದ ಪೆರಿನಿಯಮ್‌ಗೆ ಆಸರೆ ಕೊಡುವುದು. ಬೆಚ್ಚಗಿನ ಬಟ್ಟೆ, ಮಸಾಜ್ ಮತ್ತು ಈ ಆಸರೆ, ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ ತಾಯಿಯ ಇಷ್ಟ ಮತ್ತು ಲಭ್ಯತೆ ನೋಡಿ ಬಳಸಬಹುದು ಎಂದಿದೆ.

ಅವಸರ ಬೇಡ: ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ‘ಮುಕ್ಕು, ಮುಕ್ಕು’ ಎಂದು ಒತ್ತಾಯಿಸುವುದರಿಂದ ಲಾಭವಿಲ್ಲ. ದೇಹಕ್ಕೆ ತಾನಾಗಿ ಒತ್ತಡ ಬಂದಾಗ ಮುಕ್ಕಬೇಕು. ತಲೆ ಕಾಣಿಸಿಕೊಂಡಾಗ ನರ್ಸ್ ‘ಸಾಕು, ಈಗ ಬಾಯಲ್ಲಿ ಉಸಿರು ಬಿಡಿ’ ಎಂದರೆ ಹಾಗೇ ಮಾಡಿ. ಆ ಕೆಲವು ಕ್ಷಣಗಳಲ್ಲಿ ಚರ್ಮಕ್ಕೆ ಹಿಗ್ಗಲು ಸಮಯ ಸಿಗುತ್ತದೆ.

ಹೊಟ್ಟೆ ಒತ್ತುವುದು ಬೇಡ: ಮಗು ಬೇಗ ಬರಲೆಂದು ಮೇಲಿನಿಂದ ಹೊಟ್ಟೆಯನ್ನು ಅಮುಕುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಲೇಬರ್ ರೂಮ್‌ಗಳ ಗುಣಮಟ್ಟ ಸುಧಾರಿಸಲೆಂದೇ ಬಂದದ್ದು. ವಾಡಿಕೆಯ ಕತ್ತರಿ, ಹೊಟ್ಟೆ ಅಮುಕುವುದು, ಮೊದಲೇ ಮುಕ್ಕಿಸುವುದು ನಿಲ್ಲಬೇಕು ಎಂಬುದು ಅದರ ಆಶಯಗಳಲ್ಲೊಂದು.

ಭಂಗಿ: ಕಾಲು ಎತ್ತಿ ಮಲಗುವ ಬದಲು ಕೂತು, ಕುಕ್ಕರಿಸಿ ಹೆತ್ತರೆ ಹರಿಯುವುದೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಎಪಿಡ್ಯೂರಲ್ ತೆಗೆದುಕೊಳ್ಳದವರಲ್ಲಿ ನೇರ ಭಂಗಿಯಿಂದ ಎಪಿಸಿಯೊಟಮಿ ಮತ್ತು ಫೋರ್ಸೆಪ್ಸ್, ವ್ಯಾಕ್ಯೂಮ್ ಬಳಕೆ ಕಡಿಮೆಯಾಗುತ್ತದೆ. ಆದರೆ ಎರಡನೇ ಹಂತದ ಸೀಳು ಸ್ವಲ್ಪ ಹೆಚ್ಚಾಗಬಹುದು. ತೀವ್ರ ಸೀಳಿನಲ್ಲಿ ಸ್ಪಷ್ಟ ವ್ಯತ್ಯಾಸವಿಲ್ಲ. ಹಾಗಾಗಿ ತಾಯಿಗೆ ಯಾವುದು ಹಿತವೋ ಅದೇ ಒಳ್ಳೆಯ ಭಂಗಿ.

‘ಹಿಂದೆ ಸೂಲಗಿತ್ತಿಯರ ಕಾಲದಲ್ಲಿ ಹೊಲಿಗೆ ಎಲ್ಲಿತ್ತು?’

ಈ ಪ್ರಶ್ನೆ ಬಂದೇ ಬರುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಪಕ್ಕದಲ್ಲೇ ಕೂತು ಧೈರ್ಯ ಹೇಳುವ ಅಂಥ ಅನುಭವಿ ಹೆಂಗಸರ ಬಗ್ಗೆ ಜನರಿಗೆ ಇರುವ ಗೌರವ ಸರಿಯಾದದ್ದೇ. ಜೊತೆಗಿರುವವರು ಒಬ್ಬರು ಬೇಕು, ಅವಸರ ಬೇಡ ಎಂಬುದನ್ನು ಇಂದಿನ ಮಾರ್ಗಸೂಚಿಗಳೂ ಹೇಳುತ್ತವೆ.

ಆದರೆ ಆಗ ಹೊಲಿಗೆ ಇರಲಿಲ್ಲ ಎಂದರೆ ಸೀಳು ಇರಲಿಲ್ಲ ಎಂದು ಅರ್ಥವಲ್ಲ. ಎಷ್ಟೋ ಸೀಳುಗಳು ಹೊಲಿಗೆಯಿಲ್ಲದೆ ಹಾಗೇ ಉಳಿದವು, ಅದರ ತೊಂದರೆಯನ್ನು ಹೆಂಗಸರು ಯಾರಿಗೂ ಹೇಳದೆ ಅನುಭವಿಸಿದರು. ಕರ್ನಾಟಕದಲ್ಲಿ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿದೆ. ಈಗ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಹೊಲಿಗೆಗೆ ಹೆದರಿ ಮನೆ ಹೆರಿಗೆಗೆ ಮರಳುವುದು ಪರಿಹಾರವಲ್ಲ. ಹೊಲಿಗೆಗೆ ಹೆದರಿ ಸಿಸೇರಿಯನ್ ಕೇಳುವುದೂ ಅಷ್ಟೆ. ಹೊಟ್ಟೆಯ ಮೇಲಿನ ಹೊಲಿಗೆ ಇನ್ನೂ ದೊಡ್ಡದು, ಮುಂದಿನ ಬಸುರಿನ ಮೇಲೂ ಅದರ ಪರಿಣಾಮ ಇರುತ್ತದೆ. ಸೂಲಗಿತ್ತಿಯ ತಾಳ್ಮೆ ಆಸ್ಪತ್ರೆಯೊಳಗೆ ಬರಬೇಕು ಎನ್ನುವುದು ಸರಿಯಾದ ಬೇಡಿಕೆ. 2018ರಲ್ಲಿ ಕೇಂದ್ರ ಸರ್ಕಾರ ನರ್ಸ್‌ಗಳಿಗೆ ಮಿಡ್‌ವೈಫ್ ತರಬೇತಿ ಕೊಡುವ ಮಾರ್ಗಸೂಚಿ ತಂದದ್ದು ಈ ದಿಕ್ಕಿನ ಹೆಜ್ಜೆ.

ಡಾಕ್ಟರನ್ನು ಏನು ಕೇಳಬೇಕು?

ನೀವು ತೋರಿಸುವುದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿರಲಿ, ಕೋಟೆ ಹತ್ತಿರದ ವಾಣಿವಿಲಾಸದಲ್ಲಿರಲಿ, ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿರಲಿ, ಬಸವೇಶ್ವರನಗರದ ನರ್ಸಿಂಗ್ ಹೋಂನಲ್ಲಿರಲಿ, 34–36ನೇ ವಾರದ ಭೇಟಿಯಲ್ಲಿ ಈ ಪ್ರಶ್ನೆಗಳನ್ನು ಕೇಳಬಹುದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಯಲ್ಲೂ ಕೇಳಬಹುದು.

• ಡಾಕ್ಟರೇ, ನನಗೆ ಪೆರಿನಿಯಲ್ ಮಸಾಜ್ ಮಾಡಿಕೊಳ್ಳಬಹುದೇ?
• ಇಲ್ಲಿ ಎಲ್ಲರಿಗೂ ಕಟ್ ಕೊಡುತ್ತೀರಾ, ಅಗತ್ಯವಿದ್ದರೆ ಮಾತ್ರವೇ? ಕೊಡುವ ಮೊದಲು ಹೇಳುತ್ತೀರಾ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ?
• ತಲೆ ಬರುವಾಗ ಬೆಚ್ಚಗಿನ ಬಟ್ಟೆ ಇಡುತ್ತೀರಾ?
• ಅಮ್ಮನೋ ಅಕ್ಕನೋ ಜೊತೆಯಲ್ಲಿ ಇರಬಹುದೇ? (ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಡುವಂತೆ 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿದೆ.)
• ಹೆರಿಗೆಯಾದ ಮೇಲೆ ದೊಡ್ಡ ಸೀಳು ಆಗಿದೆಯೇ ಎಂದು ಪರೀಕ್ಷಿಸಿ ನನಗೆ ತಿಳಿಸುತ್ತೀರಾ?

ಕೇಳುವುದು ಜಗಳವಲ್ಲ. ನಗುಮುಖದಿಂದ ಮೊದಲೇ ಕೇಳಿದ್ದು, ನೋವಿನ ಹೊತ್ತಿನಲ್ಲಿ ಹೇಳಲಾಗದ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆದರೂ ಹೊಲಿಗೆ ಬಿದ್ದರೆ?

ಹೊಲಿಗೆಗೆ ಬಳಸುವ ದಾರ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ತೀವ್ರ ಸೀಳನ್ನು ಸರಿಯಾಗಿ ಹೊಲಿದವರಲ್ಲೂ 100ಕ್ಕೆ 60ರಿಂದ 80 ಮಂದಿಗೆ ಒಂದು ವರ್ಷದ ಹೊತ್ತಿಗೆ ಯಾವ ತೊಂದರೆಯೂ ಇರುವುದಿಲ್ಲ. ಮಾಯುವುದಕ್ಕೆ ಅಡ್ಡಿಯಾಗುವುದು ಬಾಣಂತನದ ಕೆಲವು ಕಟ್ಟುಪಾಡುಗಳು.

ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಸೊಪ್ಪು ಹಣ್ಣು ಶೀತ ಎಂದು ಎಷ್ಟೋ ಮನೆಗಳಲ್ಲಿ ತಡೆಯುತ್ತಾರೆ. ಫಲ, ಮಲಬದ್ಧತೆ. ಮುಕ್ಕಿದಾಗ ಹೊಲಿಗೆಯ ಮೇಲೆ ಒತ್ತಡ, ನೋವು. ಬಾಯಾರಿದಷ್ಟೂ ನೀರು ಕೊಡಿ, ಸೊಪ್ಪು, ಹಣ್ಣು, ತರಕಾರಿ ಕೊಡಿ. ಸುಡುವ ನೀರನ್ನು ಹೊಲಿಗೆಯ ಮೇಲೆ ಸುರಿಯಬೇಡಿ. ಗಾಯಕ್ಕೆ ಅರಿಶಿನ, ಎಣ್ಣೆ, ಪೌಡರ್ ಹಚ್ಚಬೇಡಿ. ಮೂತ್ರ, ಮಲ ವಿಸರ್ಜನೆಯ ನಂತರ ಶುದ್ಧ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಒತ್ತಿ ಒರೆಸಿ. ಪ್ಯಾಡ್ ಆಗಾಗ ಬದಲಿಸಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು ತಾಯಿಗೂ ಮಗುವಿಗೂ ಅಪಾಯ.

ಜ್ವರ ಬಂದರೆ, ಕೀವು ಅಥವಾ ಕೆಟ್ಟ ವಾಸನೆ ಇದ್ದರೆ, ಹೊಲಿಗೆ ಬಿಟ್ಟರೆ, ನೋವು ದಿನದಿಂದ ದಿನಕ್ಕೆ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಂದು ಗಂಟೆಯಲ್ಲೇ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ ಅದು ತುರ್ತು. ಗಾಳಿ ಅಥವಾ ಮಲ ತಡೆಯಲು ಆಗದಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಅದಕ್ಕೆ ಚಿಕಿತ್ಸೆ ಇದೆ. ಇದನ್ನು ಅತ್ತೆಗೋ ಅಮ್ಮನಿಗೋ ಹೇಳಲು ಹಿಂಜರಿಯುವ ಸೊಸೆ, ಮಗಳು ನಿಮ್ಮ ಮನೆಯಲ್ಲೂ ಇರಬಹುದು. ನೀವೇ ಒಮ್ಮೆ ಕೇಳಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಹೆರಿಗೆಯಲ್ಲಿ ಸಣ್ಣ ಗಾಯ ಆಗುವುದು ಸಾಮಾನ್ಯ, ಅದು ತಾಯಿಯ ತಪ್ಪಲ್ಲ. ಹರಳೆಣ್ಣೆ ಕುಡಿಯಬೇಡಿ. ತುಪ್ಪ ಊಟಕ್ಕೆ ಸಾಕು, ಹೆರಿಗೆಗೆ ಬೇಡ. ಶುಗರ್ ಪರೀಕ್ಷೆ ಮಾಡಿಸಿ. 35ನೇ ವಾರದಿಂದ ಮಸಾಜ್ ಬಗ್ಗೆ ಡಾಕ್ಟರನ್ನು ಕೇಳಿ. ಬೆಚ್ಚಗಿನ ಬಟ್ಟೆ, ಅಗತ್ಯವಿದ್ದರೆ ಮಾತ್ರ ಕಟ್, ಜೊತೆಯಲ್ಲಿ ಒಬ್ಬರು, ಈ ಮೂರನ್ನೂ ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಹೊಲಿಗೆ ಬಿದ್ದರೆ ಬಾಣಂತಿಗೆ ನೀರು, ಸೊಪ್ಪು, ವಿಶ್ರಾಂತಿ ಕೊಡಿ.